ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು

1903ರಲ್ಲಿ ತಿರುಪ್ಪೂರಿನಲ್ಲಿ ಜನಿಸಿದ ಚೆಟ್ಟಿಯಾರರು ಕಾನೂನು ಓದಿ, 1930ರಲ್ಲಿ ಕೊಯಮತ್ತೂರಿನಲ್ಲಿ ಶ್ರೀ ರಾಮಕೃಷ್ಣ ವಿದ್ಯಾಲಯವನ್ನು ಸ್ಥಾಪಿಸಿದರು. 1939ರ ಸೆಪ್ಟೆಂಬರಿನಲ್ಲಿ ವೈಸರಾಯರು ಜನಪ್ರತಿನಿಧಿಗಳನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ನೂಕಿದರು. ಇಲ್ಲಿ ಕಡ್ಡಾಯ ಸೇನಾಭರ್ತಿಯಿರಲಿಲ್ಲ; ಎಷ್ಟೋ ಮನೆಗಳಲ್ಲಿ ಬಡತನವೇ ಆ ಕೆಲಸ ಮಾಡಿತೆನ್ನಬೇಕು. ಸುಮಾರು 25 ಲಕ್ಷ ಮಂದಿ ಸೈನ್ಯ ಸೇರಿದರು. ಊರಿನಲ್ಲುಳಿದವರಿಗೆ ಧಾನ್ಯದ ಕೊರತೆ, ಬೆಲೆಯೇರಿಕೆ, ಪಡಿತರದ ಸರದಿ. ಇಂಥ ಯುದ್ಧಕ್ಕೆ ಸಹಕರಿಸಲಾಗದೆಂದು ಗಾಂಧೀಜಿಯವರು ಆರಂಭಿಸಿದ ವೈಯಕ್ತಿಕ ಸತ್ಯಾಗ್ರಹದ ದಿನಗಳಲ್ಲಿ, 1941ರಲ್ಲಿ, ಚೆಟ್ಟಿಯಾರರು ಸೆರೆಮನೆ ಸೇರಿದರು, 1942ರಲ್ಲಿ ಮತ್ತೊಮ್ಮೆ. ಆ ವರ್ಷ ಆಗಸ್ಟಿನಲ್ಲಿ ಸೂಲೂರಿನ ವಿಮಾನ ನೆಲೆಗೆ ಚಳವಳಿಗಾರರು ಬೆಂಕಿಯಿಟ್ಟರು. ತಾವೇ ಕಟ್ಟಿದ ಶಾಲೆಯ ಮಕ್ಕಳನ್ನು ಬಿಟ್ಟು ಸೆರೆಗೆ ನಡೆಯುವುದು ಸುಲಭವಲ್ಲ. ಶಿಕ್ಷಕಿಯಾದ ನನಗೆ ಇದೇ ಹಿರಿದಾಗಿ ಕಾಣುತ್ತದೆ. 1946ರಲ್ಲಿ ಅವರು ಮದರಾಸು ಪ್ರಾಂತದ ಶಿಕ್ಷಣ ಸಚಿವರಾದರು; 1991ರಲ್ಲಿ ನಿಧನರಾದರು.