ವೀಸಾ ಸಿಗದ ವಿಜ್ಞಾನಿ: ಲಿಸೆ ಮೈಟ್ನರ್

ಹೋದ ವರ್ಷ ನನ್ನ ತಂಗಿಗೆ ಪಿಎಚ್‌ಡಿ ಮುಗಿಯುತ್ತಿದ್ದಂತೆ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಸಂಶೋಧನಾ ಕೆಲಸ ಸಿಕ್ಕಿತು. ಮನೆಯಲ್ಲಿ ಸಿಹಿ ಹಂಚಿದ್ದಾಯಿತು. ಆಮೇಲೆ ಶುರುವಾಯಿತು ವೀಸಾದ ಕಥೆ. ಆಹ್ವಾನ ಪತ್ರ, ಕೆಲಸದ ಕರಾರು, ಪದವಿ ಪ್ರಮಾಣಪತ್ರಗಳು, ಆರೋಗ್ಯ ವಿಮೆ, ಅಳತೆ ಸರಿಯಿಲ್ಲವೆಂದು ಎರಡೆರಡು ಸಲ ತೆಗೆಸಿದ ಫೋಟೊ. ಫೈಲು ಜೋಡಿಸಿಕೊಡುವ ಕೆಲಸ ಅಕ್ಕನಾದ ನನ್ನ ಪಾಲಿಗೆ ಬಂತು. ಇಷ್ಟು ಓದಿದ ಹುಡುಗಿಗೂ ಇಷ್ಟೊಂದು ಕಾಗದ ಯಾಕೆ ಬೇಕು ಎಂದು ಅಮ್ಮ ದಿನಾ ಗೊಣಗುತ್ತಿದ್ದರು.

ಅದೇ ದಿನಗಳಲ್ಲಿ ನಾನು ರಾತ್ರಿ ಹೊತ್ತು ಓದುತ್ತಿದ್ದದ್ದು ಲಿಸೆ ಮೈಟ್ನರ್ ಎಂಬ ಭೌತವಿಜ್ಞಾನಿಯ ಜೀವನ ಕಥೆ. ಎಂಟೆಕ್ ಮಾಡಿದ್ದರೂ ಪರಮಾಣು ವಿದಳನ ಎಂದರೆ ನನಗೆ ನೆನಪಾಗುತ್ತಿದ್ದದ್ದು ಆಟೊ ಹಾನ್ ಹೆಸರು ಮಾತ್ರ. ಈಕೆಯ ಹೆಸರು ಯಾಕೆ ನೆನಪಿಲ್ಲ ಎಂಬುದಕ್ಕೆ ಉತ್ತರ ಹುಡುಕುತ್ತ ಹೋದರೆ, ಅದು ಸಿಕ್ಕಿದ್ದು ಒಂದು ಪಾಸ್‌ಪೋರ್ಟಿನಲ್ಲಿ.

ಲಿಸೆ ಹುಟ್ಟಿದ್ದು 1878ರಲ್ಲಿ, ವಿಯೆನ್ನಾ ನಗರದ ಒಂದು ಯಹೂದಿ ಕುಟುಂಬದಲ್ಲಿ. ತಂದೆ ವಕೀಲರು, ಮನೆಯಲ್ಲಿ ಎಂಟು ಮಕ್ಕಳು. ಆ ಕಾಲದ ಆಸ್ಟ್ರಿಯಾದಲ್ಲಿ ಹೆಣ್ಣುಮಕ್ಕಳ ಶಾಲೆ 14ನೇ ವಯಸ್ಸಿಗೆ ಮುಗಿದುಹೋಗುತ್ತಿತ್ತು. ಲಿಸೆ ಫ್ರೆಂಚ್ ಕಲಿಸುವ ಶಿಕ್ಷಕಿಯಾಗಲು ತರಬೇತಿ ಪಡೆದರು. ಆಮೇಲೆ ಮನೆಪಾಠ ಹೇಳಿಸಿಕೊಂಡು ಪ್ರವೇಶ ಪರೀಕ್ಷೆ ಪಾಸು ಮಾಡಿ, 1901ರಲ್ಲಿ, 23ರ ಹತ್ತಿರದ ವಯಸ್ಸಿನಲ್ಲಿ, ವಿಯೆನ್ನಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಬೋಲ್ಟ್ಸ್‌ಮನ್ ಅವರಂಥ ಗುರುಗಳು ಸಿಕ್ಕರು. 1906ರಲ್ಲಿ ಡಾಕ್ಟರೇಟ್ ಬಂತು.

ಮರುವರ್ಷ ಮ್ಯಾಕ್ಸ್ ಪ್ಲಾಂಕ್ ಅವರ ಪಾಠ ಕೇಳಲೆಂದು ಬರ್ಲಿನ್‌ಗೆ ಹೋದರು. ಅಲ್ಲಿ ರಸಾಯನ ವಿಜ್ಞಾನಿ ಆಟೊ ಹಾನ್ ಜೊತೆ ಸಂಶೋಧನೆ ಶುರುವಾಯಿತು. ಆದರೆ ಆ ಸಂಸ್ಥೆಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯಲ್ಲಿ ಹಿಂದೆ ಮರಗೆಲಸಕ್ಕೆ ಬಳಸುತ್ತಿದ್ದ ಒಂದು ಕೋಣೆ ಕೊಟ್ಟರು. ಮೇಲಿನ ಪ್ರಯೋಗಾಲಯಗಳಿಗೆ ಕಾಲಿಡುವಂತಿಲ್ಲ, ಶೌಚಾಲಯಕ್ಕೂ ಹತ್ತಿರದ ಹೋಟೆಲಿಗೆ ಹೋಗಬೇಕು. ಸಂಬಳವಂತೂ ಇಲ್ಲವೇ ಇಲ್ಲ, ಮನೆಯಿಂದ ಬರುವ ಹಣದಲ್ಲೇ ಜೀವನ. ಮೊದಲ ಸಂಬಳದ ಕೆಲಸ ಸಿಕ್ಕಿದ್ದು 1912ರಲ್ಲಿ, ಪ್ಲಾಂಕ್ ತಮ್ಮ ಸಹಾಯಕಿಯಾಗಿ ತೆಗೆದುಕೊಂಡಾಗ.

ಮುಂದಿನದು ಏರುಹಾದಿ. ಬರ್ಲಿನ್ನಿನ ಕೈಸರ್ ವಿಲ್ಹೆಲ್ಮ್ ರಸಾಯನ ಸಂಸ್ಥೆಯಲ್ಲಿ ಹಾನ್ ಜೊತೆ ಸೇರಿ ಪ್ರೊಟ್ಯಾಕ್ಟಿನಿಯಂ ಎಂಬ ಧಾತುವನ್ನು ಗುರುತಿಸಿದರು. ಅಲ್ಲೇ ಭೌತವಿಜ್ಞಾನ ವಿಭಾಗ ಕಟ್ಟಿದರು. 1926ರಲ್ಲಿ ಪ್ರೊಫೆಸರ್ ಆದರು. ಜರ್ಮನಿಯಲ್ಲಿ ಭೌತವಿಜ್ಞಾನಕ್ಕೆ ಪ್ರೊಫೆಸರ್ ಆದ ಮೊದಲ ಮಹಿಳೆ ಅವರೇ. ಅದಕ್ಕೆ ನಾಲ್ಕು ವರ್ಷ ಮೊದಲು ಕಾಸ್ಮಿಕ್ ವಿದ್ಯಮಾನಗಳ ಬಗ್ಗೆ ಉಪನ್ಯಾಸ ಕೊಟ್ಟಾಗ ಪತ್ರಿಕೆಯವರು ಅದನ್ನು ಕಾಸ್ಮೆಟಿಕ್ ಎಂದು ಅಚ್ಚು ಹಾಕಿದ್ದರಂತೆ! ಹೆಂಗಸು ಮಾತಾಡಿದರೆ ವಿಷಯ ಪೌಡರ್, ಕ್ರೀಮೇ ಇರಬೇಕು ಎಂದುಕೊಂಡರೋ ಏನೋ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಮೂಲದವರೆಂದು ಲಿಸೆಯವರ ಬೋಧನೆಯ ಹಕ್ಕು ಹೋಯಿತು. ಅವರು ಎಷ್ಟೋ ವರ್ಷ ಹಿಂದೆಯೇ ಕ್ರೈಸ್ತ ಧರ್ಮಕ್ಕೆ ಸೇರಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ಆದರೆ ಸಂಶೋಧನೆಯ ಕೆಲಸ ಉಳಿಯಿತು, ಏಕೆಂದರೆ ಅವರ ಕೈಯಲ್ಲಿದ್ದದ್ದು ಆಸ್ಟ್ರಿಯಾದ ಪಾಸ್‌ಪೋರ್ಟ್. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ದೇಶ ಬಿಟ್ಟರೂ ಅವರು ಹೊರಡಲಿಲ್ಲ. ತಾವೇ ಇಟ್ಟಿಗೆ ಇಟ್ಟಿಗೆ ಸೇರಿಸಿ ಕಟ್ಟಿದ ವಿಭಾಗ, ಮನಸ್ಸಿಗೆ ಹಿಡಿದ ಕೆಲಸ. ಹಾಗೆ ಉಳಿದದ್ದು ದಡ್ಡತನ ಮಾತ್ರವಲ್ಲ, ತಪ್ಪೂ ಹೌದು ಎಂದು ಮುಂದೆ ಅವರೇ ನೊಂದುಕೊಂಡರು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನೇ ನುಂಗಿದ. ಒಂದೇ ರಾತ್ರಿಗೆ ಲಿಸೆಯವರ ಪಾಸ್‌ಪೋರ್ಟ್ ಇಲ್ಲದ ದೇಶದ ಪಾಸ್‌ಪೋರ್ಟ್ ಆಯಿತು. ಕೋಪನ್‌ಹೇಗನ್‌ನಿಂದ ನೀಲ್ಸ್ ಬೋರ್ ಆಹ್ವಾನ ಕಳಿಸಿದರು. ಆಹ್ವಾನ ಹಿಡಿದು ಡೆನ್ಮಾರ್ಕ್‌ನ ದೂತಾವಾಸಕ್ಕೆ ಹೋದರೆ, ಆಸ್ಟ್ರಿಯಾದ ಪಾಸ್‌ಪೋರ್ಟ್ ಇನ್ನು ಚಲಾವಣೆಯಲ್ಲಿಲ್ಲ, ವೀಸಾ ಕೊಡಲಾಗದು ಎಂದರು. ಸಂಸ್ಥೆಯ ಅಧ್ಯಕ್ಷ ಕಾರ್ಲ್ ಬಾಷ್ ಜರ್ಮನಿಯ ಗೃಹಮಂತ್ರಿಗೇ ಪತ್ರ ಬರೆದು, ಈಕೆಗೆ ದೇಶ ಬಿಡಲು ಅನುಮತಿ ಕೊಡಿ ಎಂದು ಕೇಳಿದರು. ಜೂನ್‌ನಲ್ಲಿ ಬಂದ ಉತ್ತರ ಇಷ್ಟೇ: ಹೆಸರುವಾಸಿ ಯಹೂದಿಗಳು ಹೊರದೇಶಕ್ಕೆ ಹೋಗುವುದು ಸರ್ಕಾರಕ್ಕೆ ಇಷ್ಟವಿಲ್ಲ, ಪಾಸ್‌ಪೋರ್ಟ್ ಇಲ್ಲ. ಇರಲೂ ಬಿಡುವುದಿಲ್ಲ, ಹೋಗಲೂ ಬಿಡುವುದಿಲ್ಲ. ಮೂವತ್ತು ವರ್ಷದ ಸಂಶೋಧನೆ, ಪ್ರೊಫೆಸರ್ ಪದವಿ, ಜಗತ್ತಿನ ದೊಡ್ಡ ವಿಜ್ಞಾನಿಗಳ ಸ್ನೇಹ, ಯಾವುದೂ ಆ ಮೇಜಿನ ಮುಂದೆ ನಡೆಯಲಿಲ್ಲ.

ಕೊನೆಗೆ ದಾರಿ ಮಾಡಿದ್ದು ಇಬ್ಬರು ಡಚ್ ಭೌತವಿಜ್ಞಾನಿಗಳು, ಡಿರ್ಕ್ ಕೋಸ್ಟರ್ ಮತ್ತು ಆಡ್ರಿಯಾನ್ ಫೋಕರ್. ಸಹೋದ್ಯೋಗಿಗಳಿಂದ ಚಂದಾ ಎತ್ತಿದರು. ಸರ್ಕಾರಿ ಕಚೇರಿಗಳಿಗೆ ಅಲೆದು, ವೀಸಾ ಇಲ್ಲದೆಯೂ ಆಕೆಯನ್ನು ಒಳಗೆ ಬಿಡಲು ಒಪ್ಪಿಗೆ ತಂದರು. ಜುಲೈ ಎರಡನೇ ವಾರ ಕೋಸ್ಟರ್ ತಾವೇ ಬರ್ಲಿನ್‌ಗೆ ಬಂದರು. ಯಾರಿಗೂ ಅನುಮಾನ ಬರಬಾರದೆಂದು ಜುಲೈ 12ರಂದು ಲಿಸೆ ರಾತ್ರಿ ಎಂಟರವರೆಗೆ ಕಚೇರಿಯಲ್ಲೇ ಕುಳಿತು ಕಿರಿಯರೊಬ್ಬರ ಲೇಖನ ತಿದ್ದಿಕೊಟ್ಟರು. ಆಮೇಲೆ ಒಂದೂವರೆ ಗಂಟೆಯಲ್ಲಿ ಎರಡು ಪುಟ್ಟ ಸೂಟ್‌ಕೇಸ್ ತುಂಬಿಸಿಕೊಂಡರು. ರಾತ್ರಿ ಉಳಿದದ್ದು ಹಾನ್ ಮನೆಯಲ್ಲಿ. ದಾರಿಯಲ್ಲಿ ಆಪತ್ತಿಗಾಗಲಿ ಎಂದು ಹಾನ್ ತಮ್ಮ ತಾಯಿಯ ವಜ್ರದ ಉಂಗುರ ಕೊಟ್ಟರು. ಬೆಳಿಗ್ಗೆ ಸ್ಟೇಷನ್ ದಾರಿಯಲ್ಲಿ ಭಯವಾಗಿ, ವಾಪಸ್ ಹೋಗೋಣ ಎಂದು ಜೊತೆಯಲ್ಲಿದ್ದ ಸ್ನೇಹಿತರನ್ನು ಕೇಳಿಕೊಂಡರಂತೆ. ರೈಲಿನಲ್ಲಿ ಕೋಸ್ಟರ್ ಕಾಯುತ್ತಿದ್ದರು. ಡಚ್ ಗಡಿಯ ಅಧಿಕಾರಿಗಳಿಗೆ ಅವರು ಮೊದಲೇ ಹೇಳಿಟ್ಟಿದ್ದರು. ಪರ್ಸಿನಲ್ಲಿ ಹತ್ತೇ ಮಾರ್ಕ್ ಇಟ್ಟುಕೊಂಡು ಆಕೆ ಗಡಿ ದಾಟಿದರು. ಆಗ ವಯಸ್ಸು 59. ಮಗು ಬಂದು ತಲುಪಿತು ಎಂಬರ್ಥದ ಗುಟ್ಟಿನ ತಂತಿ ಹಾನ್ ಅವರಿಗೆ ಹೋಯಿತು.

ಕೆಲಸ ಸಿಕ್ಕಿದ್ದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಕೂರಲು ಜಾಗ ಇತ್ತು, ಉಪಕರಣಗಳಿಲ್ಲ, ಸಹಾಯಕರಿಲ್ಲ. ಸಂಬಳ ಹೊಸದಾಗಿ ಸೇರಿದ ಸಹಾಯಕರಷ್ಟು. ಬರ್ಲಿನ್‌ನಲ್ಲಿ ಮುಗಿಯದೆ ಉಳಿದಿದ್ದ ಯುರೇನಿಯಂ ಪ್ರಯೋಗವನ್ನು ಹಾನ್ ಮತ್ತು ಸ್ಟ್ರಾಸ್‌ಮನ್ ಮುಂದುವರಿಸಿದರು. ನವೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಗುಟ್ಟಾಗಿ ಭೇಟಿಯಾದಾಗ, ಫಲಿತಾಂಶವನ್ನು ಮತ್ತೊಮ್ಮೆ ಚೆನ್ನಾಗಿ ಪರೀಕ್ಷಿಸಿ ಎಂದು ಲಿಸೆ ಹಾನ್‌ಗೆ ಒತ್ತಿ ಹೇಳಿದರು. ಡಿಸೆಂಬರ್‌ನಲ್ಲಿ ಹಾನ್ ಪತ್ರ ಬಂತು: ಯುರೇನಿಯಂನಿಂದ ಬೇರಿಯಂ ಬರುತ್ತಿದೆ, ಇದೇನು ಎಂದು ಅರ್ಥವಾಗುತ್ತಿಲ್ಲ.

ಕ್ರಿಸ್‌ಮಸ್‌ಗೆ ಹಳೆಯ ಗೆಳತಿಯೊಬ್ಬರು ಲಿಸೆಯವರನ್ನು ಕುಂಗೆಲ್ವ್ ಎಂಬ ಊರಿಗೆ ಕರೆದಿದ್ದರು. ಅಕ್ಕನ ಮಗ ಆಟೊ ಫ್ರಿಶ್ ಕೂಡ ಅಲ್ಲಿಗೆ ಬಂದಿದ್ದರು, ಅವರೂ ಭೌತವಿಜ್ಞಾನಿ. ಚಿಕ್ಕಮ್ಮ, ಮಗ ಹಿಮದಲ್ಲಿ ನಡೆಯುತ್ತ, ಮರದ ದಿಮ್ಮಿಯ ಮೇಲೆ ಕುಳಿತು ಚೀಟಿಯಲ್ಲಿ ಲೆಕ್ಕ ಹಾಕಿದರು. ನೀರಿನ ಹನಿ ಉದ್ದವಾಗಿ, ನಡುವೆ ಸಣ್ಣಗಾಗಿ ಎರಡಾಗುವಂತೆ ಯುರೇನಿಯಂ ಬೀಜವೂ ಒಡೆಯಬಹುದು. ಒಡೆದಾಗ ಸ್ವಲ್ಪ ದ್ರವ್ಯರಾಶಿ ಕಡಿಮೆಯಾಗುತ್ತದೆ. ಐನ್‌ಸ್ಟೈನ್ ಸೂತ್ರದಲ್ಲಿ ಹಾಕಿದರೆ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಎಲ್ಲ ಲೆಕ್ಕವೂ ಕೂಡಿತು. ಅದು ಪರಮಾಣು ವಿದಳನ. 1939ರ ಫೆಬ್ರವರಿಯಲ್ಲಿ ಇಬ್ಬರ ಲೇಖನ ನೇಚರ್ ಪತ್ರಿಕೆಯಲ್ಲಿ ಬಂತು.

ಆದರೆ ಹಾನ್ ಮತ್ತು ಸ್ಟ್ರಾಸ್‌ಮನ್ ಅದಕ್ಕೆ ಮೊದಲೇ, ಜನವರಿಯಲ್ಲಿ, ತಮ್ಮ ಪ್ರಯೋಗವನ್ನು ಪ್ರಕಟಿಸಿದ್ದರು. ಓಡಿಹೋದ ಯಹೂದಿ ಮಹಿಳೆಯ ಹೆಸರನ್ನು ಜೊತೆಗೆ ಹಾಕುವ ಸ್ಥಿತಿ ಜರ್ಮನಿಯಲ್ಲಿ ಇರಲಿಲ್ಲ. 1944ರ ರಸಾಯನ ವಿಜ್ಞಾನದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಕಾಲ ಬದಲಾದ ಮೇಲೂ ಹಾನ್ ಆಕೆಯ ಪಾಲನ್ನು ಬಾಯಿತುಂಬ ಹೇಳಲಿಲ್ಲ. ಲಿಸೆಗೆ ಅದು ನೋವಾಯಿತು, ಆದರೂ ಸ್ನೇಹ ಬಿಡಲಿಲ್ಲ. ಬಾಂಬ್ ತಯಾರಿಸುವ ಕೆಲಸಕ್ಕೆ ಕರೆ ಬಂದಾಗ ಒಪ್ಪಲಿಲ್ಲ. 1960ರಲ್ಲಿ ಕೇಂಬ್ರಿಡ್ಜ್‌ಗೆ ಹೋಗಿ ನೆಲೆಸಿ, 1968ರಲ್ಲಿ ತೀರಿಕೊಂಡರು. 1997ರಲ್ಲಿ 109ನೇ ಧಾತುವಿಗೆ ಮೈಟ್ನೇರಿಯಂ ಎಂಬ ಹೆಸರು ನಿಂತಿತು.

ನನ್ನ ತಂಗಿಯ ವೀಸಾ ಕೆಲವು ವಾರ ತಡವಾಗಿ ಬಂತು, ಅವಳು ಹೋದಳು. ಅವಳ ತೊಂದರೆಯನ್ನು ಲಿಸೆಯವರದಕ್ಕೆ ಹೋಲಿಸುವುದು ತಪ್ಪು. ಆದರೆ ಒಂದು ಮಾತು ನನಗೆ ಮನದಟ್ಟಾಯಿತು. ಗಡಿಯಲ್ಲಿ ನಮ್ಮ ಯೋಗ್ಯತೆಯನ್ನು ಯಾರೂ ಕೇಳುವುದಿಲ್ಲ, ಕಾಗದ ಕೇಳುತ್ತಾರೆ. ಕಾಗದ ಕೈಕೊಟ್ಟಾಗ ಕೈಹಿಡಿಯುವುದು ನಮಗಾಗಿ ಕಚೇರಿ ಅಲೆಯುವ, ಪತ್ರ ಬರೆಯುವ, ಸ್ಟೇಷನ್‌ವರೆಗೂ ಬರುವ ಜನ. ಹಾಗಾಗಿ ಈಗ ಯಾವ ಹುಡುಗಿಯಾದರೂ ಶಿಫಾರಸು ಪತ್ರಕ್ಕೋ, ಫಾರಂ ತುಂಬಲು ಸಹಾಯಕ್ಕೋ ಕೇಳಿದರೆ, ವಾರಾಂತ್ಯಕ್ಕೆ ನೋಡೋಣ ಎನ್ನುವುದನ್ನು ನಾನು ಬಿಟ್ಟಿದ್ದೇನೆ. ಅದೇ ದಿನ ಕೂತು ಮಾಡಿಕೊಡುತ್ತೇನೆ.