ನೀರು ಬೀಳಬೇಕಾದ ಜಾಗ

ಸೋಮವಾರ ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಕೂಲಂಟ್ ವಾಸನೆ. ಭಾನುವಾರ ಯಂತ್ರಗಳು ನಿಂತಿರುತ್ತವೆ. ತೊಟ್ಟಿಯಲ್ಲಿ ನಿಂತ ನೀರು-ಎಣ್ಣೆಯ ಆ ಬಿಳಿ ಮಿಶ್ರಣದಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಪುಣೆಯ ಭೋಸರಿಗೆ ಬಂದು 22 ವರ್ಷವಾಯಿತು. ಈ ವಾಸನೆ ಈಗ ನನಗೆ ಮನೆಯ ಒಗ್ಗರಣೆಯಷ್ಟೇ ಪರಿಚಿತ.

ಟೂಲ್ ಮೇಲೆ ಧಾರಾಳವಾಗಿ ನೀರು ಸುರಿಸಿದರೆ ಎಷ್ಟು ಲಾಭ ಎಂದು ಅಳೆದು ತೋರಿಸಿದವನು ಫ್ರೆಡರಿಕ್ ವಿನ್ಸ್‌ಲೋ ಟೇಲರ್. ಎಂಬಿಎ ಓದಿದವರಿಗೆ ಸ್ಟಾಪ್‌ವಾಚ್ ಹಿಡಿದ ಟೇಲರ್ ಗೊತ್ತು. ನನಗೆ ಮೊದಲು ಪರಿಚಯವಾದವನು ಕೈಗೆ ಮಸಿ ಹತ್ತಿಸಿಕೊಂಡ ಟೇಲರ್.

ಆತ ಹುಟ್ಟಿದ್ದು 1856ರ ಮಾರ್ಚ್ 20ರಂದು, ಅಮೆರಿಕದ ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಹಾರ್ವರ್ಡ್ ಪ್ರವೇಶ ಪರೀಕ್ಷೆ ಪಾಸಾಗಿದ್ದ. ಆದರೆ ಕಣ್ಣಿನ ತೊಂದರೆಯಿಂದ ಅಲ್ಲಿಗೆ ಹೋಗದೆ, ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿದ. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯ ಯಂತ್ರಶಾಲೆಗೆ ಕೂಲಿಯಾಗಿ ಬಂದವನು ಗುಮಾಸ್ತ, ಮೆಷಿನಿಸ್ಟ್, ಗ್ಯಾಂಗ್ ಬಾಸ್, ಫೋರ್‌ಮನ್ ಆಗುತ್ತ ಆರೇ ವರ್ಷದಲ್ಲಿ ಮುಖ್ಯ ಎಂಜಿನಿಯರ್ ಆದ. ನಡುವೆ ಕೆಲಸ ಮಾಡುತ್ತಲೇ ಓದಿ, 1883ರಲ್ಲಿ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನಿಂದ ಎಂಜಿನಿಯರಿಂಗ್ ಪದವಿ ಪಡೆದ. 1881ರಲ್ಲಿ ಅಮೆರಿಕದ ರಾಷ್ಟ್ರೀಯ ಟೆನಿಸ್ ಡಬಲ್ಸ್‌ನಲ್ಲಿ ಗೆದ್ದವನೂ ಇವನೇ!

ಫೋರ್‌ಮನ್ ಆದಾಗ ಕೆಲಸಗಾರರಿಗೂ ಇವನಿಗೂ ದೊಡ್ಡ ಜಗಳ ಶುರುವಾಯಿತು. ಬೇಕೆಂದೇ ನಿಧಾನ ಮಾಡುತ್ತಾರೆ ಎಂಬುದು ಇವನ ದೂರು. ಹೆಚ್ಚು ಮಾಡಿದರೆ ರೇಟು ಇಳಿಸುತ್ತಾರೆ ಎಂಬುದು ಅವರ ಅನುಭವ. ಒಂದು ಲೇತ್ ದಿನಕ್ಕೆ ನಿಜವಾಗಿ ಎಷ್ಟು ಕೆಲಸ ಮಾಡಬಲ್ಲದು ಎಂಬುದು ಇಬ್ಬರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಅದನ್ನು ತಿಳಿಯಲು 1880ರಲ್ಲಿ ಕಂಪನಿಯ ಅಧ್ಯಕ್ಷ ವಿಲಿಯಂ ಸೆಲ್ಲರ್ಸ್ ಒಪ್ಪಿಗೆ ಪಡೆದು ಪ್ರಯೋಗ ಆರಂಭಿಸಿದ. ಆರು ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ ಕೆಲಸ 26 ವರ್ಷ ನಡೆಯಿತು. ದಾಖಲಾದ ಪ್ರಯೋಗಗಳೇ 30 ಸಾವಿರದಿಂದ 50 ಸಾವಿರ. ಸಿಪ್ಪೆಯಾಗಿ ಹೋದ ಉಕ್ಕು ಮತ್ತು ಕಬ್ಬಿಣ 8 ಲಕ್ಷ ಪೌಂಡಿಗಿಂತ ಹೆಚ್ಚು, ಅಂದರೆ ಸುಮಾರು 360 ಟನ್.

ಅದರಲ್ಲಿ ಮೊದಮೊದಲು ಸಿಕ್ಕ ಫಲವೇ ನೀರಿನದು. ಆಗೆಲ್ಲ ಯಂತ್ರದ ಮೇಲೆ ಪುಟ್ಟ ಡಬ್ಬಿ ಇಟ್ಟು, ಮೇಲ್ಮೈ ನಯವಾಗಲೆಂದು ನೀರು ತೊಟ್ಟಿಕ್ಕಿಸುತ್ತಿದ್ದರು. 1883ರಲ್ಲಿ ಟೇಲರ್ ದಪ್ಪ ಧಾರೆಯನ್ನೇ ಬಿಟ್ಟು ನೋಡಿದ. ಲೋಹ ಕತ್ತರಿಸುವಾಗ ಶಾಖದ ಬಹುಪಾಲು ಹುಟ್ಟುವುದು ಸಿಪ್ಪೆ ಏಳುವ ಜಾಗದಲ್ಲಿ. ನೀರು ನೇರವಾಗಿ ಅಲ್ಲಿಗೇ ಬಿದ್ದರೆ ವೇಗವನ್ನು ಶೇ. 30ರಿಂದ 40ರಷ್ಟು ಏರಿಸಬಹುದು ಎಂದು ಕಂಡುಕೊಂಡ. ಮರುವರ್ಷ ಮಿಡ್‌ವೇಲ್‌ನಲ್ಲಿ ಹೊಸ ಯಂತ್ರಶಾಲೆಯನ್ನೇ ಇದಕ್ಕೆ ತಕ್ಕಂತೆ ಕಟ್ಟಿದರು. ಪ್ರತಿ ಯಂತ್ರದ ಕೆಳಗೆ ಕಬ್ಬಿಣದ ತಟ್ಟೆ, ತುಕ್ಕು ಹಿಡಿಯದಂತೆ ಸೋಡಾ ಬೆರೆಸಿದ ನೀರು, ನೆಲದಡಿಯ ಕೊಳವೆಗಳಲ್ಲಿ ಅದು ಒಂದು ಬಾವಿಗೆ, ಅಲ್ಲಿಂದ ಪಂಪಿನಲ್ಲಿ ಮೇಲಿನ ಟ್ಯಾಂಕಿಗೆ, ಮತ್ತೆ ಯಂತ್ರಕ್ಕೆ. ಇಂದು ನಮ್ಮ ಸಿಎನ್‌ಸಿ ಯಂತ್ರಗಳಲ್ಲಿ ಸುತ್ತುವ ಕೂಲಂಟ್ ದಾರಿಯೂ ಹೆಚ್ಚುಕಡಿಮೆ ಇದೇ.

ಮುಂದೆ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಮೌನ್ಸೆಲ್ ವೈಟ್ ಜೊತೆ ಸೇರಿ, ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಬೆರೆತ ಟೂಲ್ ಉಕ್ಕನ್ನು ಕರಗುವ ಹಂತದ ಹತ್ತಿರದವರೆಗೆ ಕಾಯಿಸಿ ಹದ ಮಾಡಿದ. ಅಷ್ಟು ಕಾಯಿಸಿದರೆ ಟೂಲ್ ಹಾಳಾಗುತ್ತದೆ ಎಂಬುದು ಅಲ್ಲಿಯವರೆಗಿನ ನಂಬಿಕೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ, ತುದಿ ಕೆಂಪಗಾದರೂ ಆ ಟೂಲ್ ಕತ್ತರಿಸುತ್ತಲೇ ಇದ್ದದ್ದನ್ನು ನೋಡಿ ಯುರೋಪಿನ ಎಂಜಿನಿಯರುಗಳು ಬೆರಗಾದರು. ಇಂಥ ಟೂಲ್‌ಗೂ ನೀರು ಬೇಕೇ? ಬೇಕು ಎಂದೇ 1906ರಲ್ಲಿ ನ್ಯೂಯಾರ್ಕ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಟೇಲರ್ ಲೆಕ್ಕ ಕೊಟ್ಟ. ಉಕ್ಕು ಕತ್ತರಿಸುವಾಗ ಹೊಸ ಟೂಲ್‌ಗೂ ಶೇ. 40ರಷ್ಟು ಲಾಭವಿತ್ತು.

ಉಕ್ಕನ್ನು ಇಷ್ಟು ತಾಳ್ಮೆಯಿಂದ ಕೇಳಿದವನಿಗೆ ಮನುಷ್ಯರ ವಿಷಯದಲ್ಲಿ ಆ ತಾಳ್ಮೆ ಇರಲಿಲ್ಲ. 1911ರಲ್ಲಿ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಸ್ಟಾಪ್‌ವಾಚ್ ಕಂಡು ಅಚ್ಚು ಹೊಯ್ಯುವವರು ಮುಷ್ಕರ ಹೂಡಿದರು. ಟೇಲರ್ ಸಂಸತ್ ಸಮಿತಿಯ ಮುಂದೆ ಉತ್ತರ ಕೊಡಬೇಕಾಯಿತು. ತನ್ನ ವಿಧಾನದಿಂದ ಕೂಲಿಯೂ ಏರುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದವನು ಆತ. ಆ ವಿರೋಧ ಅವನನ್ನು ನೋಯಿಸಿತು. 1915ರ ಮಾರ್ಚ್ 21ರಂದು, 59 ತುಂಬಿದ ಮರುದಿನ, ನ್ಯುಮೋನಿಯಾದಿಂದ ತೀರಿಕೊಂಡ.

ಅವನನ್ನು ದೂರುವ ಮೊದಲು ನನ್ನದೊಂದು ಹೇಳಬೇಕು. ಪುಣೆಗೆ ಬಂದ ಹೊಸತರಲ್ಲಿ, ಇನ್ನೊಂದು ಕಾರ್ಖಾನೆಯಲ್ಲಿದ್ದಾಗ, ನಾನೂ ಸ್ಟಾಪ್‌ವಾಚ್ ಹಿಡಿದು ಒಬ್ಬ ಹಿರಿಯ ಆಪರೇಟರ್ ಬೆನ್ನ ಹಿಂದೆ ನಿಂತೆ. ಲಾತೂರ್ ಕಡೆಯವರು. ಕೂಲಂಟ್ ನಲ್ಲಿಯನ್ನು ಸಣ್ಣಗೆ ತಿರುಗಿಸಿಟ್ಟಿದ್ದರು. ಟೂಲ್ ಬೇಗ ಸವೆಯುತ್ತಿತ್ತು. ನಿರ್ಲಕ್ಷ್ಯ ಎಂದು ವರದಿ ಬರೆದೆ. ಆ ವರ್ಷ ಅವರಿಗೆ ಸಂಬಳ ಏರಲಿಲ್ಲ. ದೀಪಾವಳಿಗೆ ಕೈ ಕುಲುಕಿದಾಗ ನೋಡಿದೆ, ಬೆರಳ ಸಂದಿಯೆಲ್ಲ ಬಿರಿದು ರಕ್ತ ಕಾಣುತ್ತಿತ್ತು. ತಿಂಗಳುಗಟ್ಟಲೆ ಯಾರೂ ತೊಟ್ಟಿ ತೊಳೆದಿರಲಿಲ್ಲ. ನೀರು ಆವಿಯಾಗಿ ಮಿಶ್ರಣ ಗಟ್ಟಿಯಾಗಿತ್ತು. ಧಾರೆ ದಪ್ಪವಾದಷ್ಟೂ ಅದು ಅವರ ಕೈಗೆ ಸಿಡಿಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಕೇಳಿರಲಿಲ್ಲವಲ್ಲ ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಬರೆದ ವರದಿಯನ್ನು ಬದಲಿಸಲು ಆಗಲಿಲ್ಲ. ಮರುವರ್ಷ ಅವರು ನಿವೃತ್ತರಾದರು.

ಈಗ ನಮ್ಮ ಶಾಪಿನಲ್ಲಿ ಸೋಮವಾರದ ಮೊದಲ ಕೆಲಸ ರಿಫ್ರಾಕ್ಟೋಮೀಟರ್‌ನಲ್ಲಿ ಮಿಶ್ರಣದ ಪ್ರಮಾಣ ನೋಡುವುದು. ಆಮೇಲೆ ಒಬ್ಬೊಬ್ಬ ಆಪರೇಟರ್ ಹತ್ತಿರ ಹೋಗಿ ಕೈ ತೋರಿಸಿ ಎನ್ನುತ್ತೇನೆ. ಹೊಸ ಹುಡುಗರು ನಗುತ್ತಾರೆ. ಆದರೂ ತೋರಿಸುತ್ತಾರೆ.