ಇಂದಿರಾ ಗಾಂಧಿಯವರ ಒಂದು ವಾರದ ಸೆರೆವಾಸ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯಾವುದೇ ಮನೆಯ ಹಿರಿಯರನ್ನು ಚಿಕ್ಕಮಗಳೂರಿನ 1978ರ ಉಪಚುನಾವಣೆಯ ಬಗ್ಗೆ ಕೇಳಿ ನೋಡಿ. ಹಲವರಿಗೆ ಅದು ಇನ್ನೂ ನೆನಪಿರುತ್ತದೆ. ಅದರ ನಂತರ ನಡೆದದ್ದನ್ನು ಮಾತ್ರ ಬಹಳ ಜನ ಮರೆತಿದ್ದಾರೆ.

ಇಂದಿರಾ ಗಾಂಧಿಯವರು 1917ರ ನವೆಂಬರ್ 19ರಂದು ಅಲಹಾಬಾದಿನಲ್ಲಿ ಜನಿಸಿದರು. ತಂದೆ ಜವಾಹರಲಾಲ್ ನೆಹರೂ. 1966ರಲ್ಲಿ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. 1969ರಲ್ಲಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿದರು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಅವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಅದೇ ತಿಂಗಳು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲು ಸೇರಿದರು. 1977ರಲ್ಲಿ ಮತದಾರರು ಅವರನ್ನು ಸೋಲಿಸಿದರು.

ಮರುವರ್ಷ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಕ್ಷೇತ್ರವನ್ನು ಬಿಟ್ಟುಕೊಟ್ಟರು. ಅಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಲೋಕಸಭೆಗೆ ಮರಳಿದರು. ಆದರೆ ಡಿಸೆಂಬರ್ 19ರಂದು ಲೋಕಸಭೆಯೇ ಅವರ ಸದಸ್ಯತ್ವವನ್ನು ರದ್ದುಪಡಿಸಿ, ಅಧಿವೇಶನ ಮುಗಿಯುವವರೆಗೆ ಸೆರೆವಾಸ ವಿಧಿಸಿತು. ಮಾರುತಿ ಕಂಪನಿಯ ಬಗ್ಗೆ ಸದನದಲ್ಲಿ ಕೇಳಿದ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ 1975ರಲ್ಲಿ ಅಡ್ಡಿಪಡಿಸಿದರೆಂಬುದು ಆರೋಪ. ಡಿಸೆಂಬರ್ 26ರವರೆಗೆ ಅವರು ತಿಹಾರ್ ಜೈಲಿನಲ್ಲಿದ್ದರು.

ಈ ಶಿಕ್ಷೆ ನ್ಯಾಯವೇ? ನೀವೇ ಯೋಚಿಸಿ. ಹಕ್ಕುಚ್ಯುತಿಗೆ ಶಿಕ್ಷಿಸುವ ಅಧಿಕಾರ ಸದನಕ್ಕಿದೆ. ಹಕ್ಕುಬಾಧ್ಯತಾ ಸಮಿತಿಯ ವಿಚಾರಣೆಯೂ ನಡೆದಿತ್ತು. ಆದರೆ ದೂರು ಸದನದ್ದು, ತೀರ್ಪೂ ಸದನದ್ದೇ. ತೀರ್ಪು ನೀಡಿದವರಲ್ಲಿ ತುರ್ತು ಪರಿಸ್ಥಿತಿಯಲ್ಲಿ ಅವರಿಂದ ಜೈಲು ಕಂಡವರೂ ಇದ್ದರು. ತಪ್ಪು ನಡೆದದ್ದು ಐದನೇ ಲೋಕಸಭೆಯ ಕಾಲದಲ್ಲಿ, ಶಿಕ್ಷಿಸಿದ್ದು ಆರನೆಯದು.

1980ರಲ್ಲಿ ಇಂದಿರಾ ಮತ್ತೆ ಪ್ರಧಾನಿಯಾದರು. 1981ರ ಮೇ 7ರಂದು ಏಳನೇ ಲೋಕಸಭೆ ಆ ನಿರ್ಣಯವನ್ನು ರದ್ದುಮಾಡಿತು. ಆಗ ಬಹುಮತ ಅವರ ಪಕ್ಷದ್ದೇ ಆಗಿತ್ತೆಂಬುದನ್ನೂ ಮರೆಯಬೇಡಿ. ಒಂದು ಬಹುಮತ ಶಿಕ್ಷೆ ಕೊಟ್ಟಿತು, ಇನ್ನೊಂದು ಬಹುಮತ ಅಳಿಸಿತು. ಎರಡು ಸಲವೂ ಪಕ್ಷಾತೀತ ನ್ಯಾಯಾಧೀಶರಿರಲಿಲ್ಲ. ಅಧಿಕಾರದಲ್ಲಿದ್ದ ಪ್ರಧಾನಿಯ ವಿರುದ್ಧವೇ ತೀರ್ಪಿತ್ತ ಅಲಹಾಬಾದಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರ ಹಿರಿಮೆ ಇಲ್ಲಿಯೇ ತಿಳಿಯುತ್ತದೆ.

1984ರ ಅಕ್ಟೋಬರ್ 31ರಂದು ಇಂದಿರಾ ತಮ್ಮ ಅಂಗರಕ್ಷಕರ ಗುಂಡಿಗೆ ಬಲಿಯಾದರು.

ನ್ಯಾಯಕ್ಕೆ ಉರ್ದುವಿನಲ್ಲಿ ಇನ್ಸಾಫ್ ಎನ್ನುತ್ತೇವೆ. ಅರ್ಧ ಎಂಬ ಅರ್ಥದ ನಿಸ್ಫ್ ಪದದ ಬೇರಿನಿಂದಲೇ ಅದೂ ಬಂದಿದೆ. ಇಬ್ಬರಿಗೂ ಸಮಪಾಲು ಎಂದರ್ಥ. ಇತರರಿಗೆ ವಿಚಾರಣೆಯನ್ನು ನಿರಾಕರಿಸಿದವರಿಗೂ ನ್ಯಾಯಯುತ ವಿಚಾರಣೆ ಸಿಗಬೇಕು. ನಮಗಾಗದವರಿಗೂ ಅದನ್ನು ಕೊಡಬಲ್ಲೆವೇ ಎಂಬುದೇ ನಮ್ಮೆಲ್ಲರ ಪರೀಕ್ಷೆ.